ಮಳೆನೀರು ಸಂಪ್‌ಗೆ ಬಿಡೋದಾ, ಇಂಗುಬಾವಿಗೆ ಬಿಡೋದಾ?

ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 970 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್ ನೀರು, ಅಂದರೆ 100 ಚದರ ಮೀಟರ್ ತಾರಸಿಯಿಂದ, ಸೋರಿ ಆವಿಯಾಗಿ ಹೋಗುವುದನ್ನು ಬಿಟ್ಟರೂ, 75 ಸಾವಿರ ಲೀಟರ್‌ಗೆ ಮೋಸವಿಲ್ಲ.

ಸಂಪ್‌ಗೆ, ಅಂದರೆ ನೆಲದಡಿಯ ತೊಟ್ಟಿಗೆ, ಬಿಟ್ಟರೆ ಲಾಭ ಕೂಡಲೇ ಕಾಣುತ್ತದೆ. ಬಟ್ಟೆ ಒಗೆದು ನೋಡಿ, ಬೋರ್ ನೀರಿನಲ್ಲಿ ನೊರೆಯೇ ಬರದ ಸೋಪು ಇದರಲ್ಲಿ ಉಕ್ಕುತ್ತದೆ. ಆದರೆ ಕೆಲಸ ಜಾಸ್ತಿ. ತಾರಸಿ ಗುಡಿಸಬೇಕು, ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಫಿಲ್ಟರ್ ತೊಳೆಯಬೇಕು. ನಾನು ಒಂದು ವರ್ಷ ಸೋಮಾರಿತನ ಮಾಡಿ ಏಪ್ರಿಲ್‌ನ ಮೊದಲ ಮಳೆಯನ್ನೇ ಒಳಗೆ ಬಿಟ್ಟೆ. ಹೊಂಗೆ ಎಲೆ, ಪಾರಿವಾಳದ ಹಿಕ್ಕೆ, ಟೀ ಬಣ್ಣದ ನೀರು! ಸಂಪ್ ಪೂರ್ತಿ ಖಾಲಿ ಮಾಡಿಸಬೇಕಾಯಿತು. ಇನ್ನೊಂದು ತೊಂದರೆ, ಆರು ಸಾವಿರ ಲೀಟರ್ ಸಂಪ್ ಎರಡು ಜೋರು ಮಳೆಗೆ ತುಂಬಿ, ಉಳಿದದ್ದೆಲ್ಲ ಮೋರಿಗೆ.

ಇಂಗುಬಾವಿಗೆ ಈ ತಲೆನೋವು ಕಡಿಮೆ. ಮೂರಡಿ ಅಗಲ, ಇಪ್ಪತ್ತಡಿ ಆಳ, ಸಿಮೆಂಟ್ ರಿಂಗ್, ಆಗಾಗ ಹೂಳು ತೆಗೆದರಾಯಿತು. ಆದರೆ ಇಂಗಿದ ನೀರು ನಿಮ್ಮ ಬೋರ್‌ಗೇ ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ, ಪಕ್ಕದ ಮನೆಯವರಿಗೂ ಸೇರಬಹುದು. ಕೆಳಗೆ ಬಂಡೆ ಸಿಕ್ಕರಂತೂ ಸುಮ್ನೆ ದುಡ್ಡು ದಂಡ.

ಬಾಡಿಗೆ ಮನೆಯಾದರೆ ಪೈಪ್ ಕೆಳಗೆ ಒಂದು ಡ್ರಮ್ ಸಾಕು, ಸೊಳ್ಳೆಗೆ ಬಟ್ಟೆ ಕಟ್ಟಿ. ಸ್ವಂತ ಮನೆಯಾದರೆ ನಾನಂತೂ ಮೊದಲು ಸಂಪ್‌ಗೆ ಬಿಟ್ಟು, ಅದು ತುಂಬಿ ಹರಿಯುವ ನೀರನ್ನು ಬಾವಿಗೆ ತಿರುಗಿಸುತ್ತೇನೆ. ಜಯನಗರದ ಮಳೆನೀರು ಕೊಯ್ಲು ಥೀಮ್ ಪಾರ್ಕ್‌ನಲ್ಲಿ ಮಾದರಿಗಳಿವೆ, ಗುಂಡಿ ತೋಡಿಸುವ ಮುಂಚೆ ಒಮ್ಮೆ ನೋಡಿ ಬನ್ನಿ.