ಮಳೆಗಾಲದ ಜಗಲಿಗೆ ಯಾವ ಪೈಪು? ಬ್ರೈಯರ್ ಮತ್ತು ಮೀರ್‌ಶಾಮ್, ಎರಡನ್ನೂ ಸೇದಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೀರ್‌ಶಾಮ್ ಪೈಪೇ ಇಷ್ಟ. ಎರಡು ಮಳೆಗಾಲ ಬ್ರೈಯರ್ ಪೈಪಿನ ಜೊತೆ ಏಗಿದೆ. ಮೂರನೆಯ ಮಳೆಗಾಲ, ಅದರ ಹಿಂದೆಯೇ ಬಂದ ಅಡಿಕೆ ಸುಗ್ಗಿ, ಎರಡನ್ನೂ ಮೀರ್‌ಶಾಮ್ ಜೊತೆ ಕಳೆದೆ. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಸರಿಯಾಗಿ ಬಿಡುವುದೇ ಇಲ್ಲ. ಬೆಲ್ಟು, ಚಪ್ಪಲಿ, ಪುಸ್ತಕದ ರಟ್ಟು, ಎಲ್ಲಕ್ಕೂ ಬೂಷ್ಟು. ಇಂಥ ಜಾಗದಲ್ಲಿ ದಿನಕ್ಕೊಂದೇ ಸಲ, ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಕೂತು ಪೈಪ್ ಸೇದುವುದು ನನ್ನ ಅಭ್ಯಾಸ. ತಂಬಾಕಿನ ಅಭ್ಯಾಸ ಇಲ್ಲದವರು ಇದನ್ನು ಓದಿ ಶುರು ಮಾಡುವುದು ಬೇಡ. ಈಗಾಗಲೇ ಸೇದುವವರಿಗೆ, ಯಾವುದು ತಗೊಳ್ಳಲಿ ಅಂತ ಯೋಚಿಸುತ್ತಿರುವವರಿಗೆ ಮಾತ್ರ ಬರೆಯುತ್ತಿದ್ದೇನೆ.

ಬ್ರೈಯರ್ ಅಂದರೆ ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಒಂದು ಕುರುಚಲು ಗಿಡದ ಬುಡದ ಗಂಟು. ಗಟ್ಟಿ ಮರ, ಬೆಂಕಿಯನ್ನು ತಡೆಯುತ್ತದೆ. ಮೀರ್‌ಶಾಮ್ ಒಂದು ಕಲ್ಲು. ಸೆಪಿಯೊಲೈಟ್ ಅನ್ನುವ ಖನಿಜ. ಟರ್ಕಿಯ ಎಸ್ಕಿಶೆಹಿರ್ ಸುತ್ತಮುತ್ತ ನೆಲ ಅಗೆದು ತೆಗೆಯುತ್ತಾರೆ. ಜರ್ಮನ್ ಭಾಷೆಯಲ್ಲಿ ಆ ಹೆಸರಿಗೆ ಸಮುದ್ರದ ನೊರೆ ಅಂತ ಅರ್ಥ. ಹಸಿ ಇದ್ದಾಗ ಚಾಕುವಿನಲ್ಲಿ ಕೆತ್ತುವಷ್ಟು ಮೆತ್ತಗಿರುತ್ತದೆ. ಆಮೇಲೆ ಒಣಗಿಸಿ, ಉಜ್ಜಿ, ಜೇನುಮೇಣ ಕುಡಿಸುತ್ತಾರೆ. ಕೈಯಲ್ಲಿ ಹಿಡಿದರೆ ಕಲ್ಲು ಅಂತ ನಂಬುವುದು ಕಷ್ಟ, ಅಷ್ಟು ಹಗುರ. ಅಮ್ಮ ಮೊದಲ ದಿನ ನೋಡಿ, "ಇದೇನಾ, ಸೀಮೆಸುಣ್ಣ ಇದ್ದ ಹಾಗಿದೆಯಲ್ಲ" ಅಂದಳು.

ಬ್ರೈಯರ್ ಕೊಂಡಿದ್ದು 4,200 ರೂಪಾಯಿಗೆ. ಅದನ್ನು ಪಳಗಿಸಬೇಕು. ಹೊಸ ಕರುವನ್ನು ಹೂಟಿಗೆ ಪಳಗಿಸಿದ ಹಾಗೆ, ಅವಸರ ಮಾಡುವಂತಿಲ್ಲ. ಮೊದಲು ಬೌಲಿನ ಮೂರನೇ ಒಂದು ಭಾಗಕ್ಕೆ ಮಾತ್ರ ತಂಬಾಕು. ಕೆಲವು ದಿನ ಆದಮೇಲೆ ಅರ್ಧ. ಆಮೇಲೆ ಪೂರ್ತಿ. ಹೀಗೆ ನಿಧಾನ ಸೇದಿದರೆ ಒಳಗೋಡೆಗೆ ತೆಳ್ಳಗೆ ಕರಿಯ ಪದರ ಕೂರುತ್ತದೆ. ಆ ಪದರವೇ ಮರವನ್ನು ಬೆಂಕಿಯಿಂದ ಕಾಯುವುದು. ಒಳಗೆ ಜೇನು ಸವರಿದರೆ ಪದರ ಬೇಗ ಹಿಡಿಯುತ್ತದೆ ಅಂತ ಹಳಬರು ಹೇಳುವುದುಂಟು. ನಾನೂ ಬೆರಳ ತುದಿಯಲ್ಲಿ ತುಡುವೆ ಜೇನು ಸವರಿ ಇಟ್ಟೆ. ಬೆಳಿಗ್ಗೆ ನೋಡಿದರೆ ಗೋಡೆಯಿಂದ ಪೈಪಿನ ಬಾಯಿಯ ತನಕ ಇರುವೆ ಸಾಲು. ಮಲೆನಾಡಿನ ಮನೆಗಳಲ್ಲಿ ಅದು ನಡೆಯುವ ಕೆಲಸ ಅಲ್ಲ.

ಪಳಗಿಸುವುದನ್ನಾದರೂ ಸಹಿಸಬಹುದು. ನನ್ನನ್ನು ಸೋಲಿಸಿದ್ದು ಒಣಗಿಸುವ ಕೆಲಸ. ಸೇದುವಾಗ ಮರ ನೀರಿನ ಪಸೆ ಕುಡಿಯುತ್ತದೆ, ಹಾಗಾಗಿ ಒಮ್ಮೆ ಸೇದಿದ ಬ್ರೈಯರಿಗೆ ಒಂದು ದಿನವಾದರೂ ಬಿಡುವು ಕೊಡಬೇಕು. ಬಿಸಿಲಿನ ಊರಲ್ಲಿ ಒಂದು ದಿನ ಸಾಕು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಮೂರು ದಿನ ಬಿಟ್ಟರೂ ಕ್ಲೀನರ್ (ಪೈಪಿನೊಳಗೆ ತೂರಿಸಿ ಒರೆಸುವ ನೂಲು ಸುತ್ತಿದ ತಂತಿ) ಹಾಕಿದರೆ ಒದ್ದೆಯಾಗಿ ಹೊರಗೆ ಬರುತ್ತಿತ್ತು. ಸೇದಿದರೆ ಗೊರಗೊರ ಸದ್ದು, ಬಾಯಿಗೆ ಹುಳಿ ರುಚಿ. ಒಂದು ಸಲ ನಾಲ್ಕು ದಿನ ಶಿವಮೊಗ್ಗಕ್ಕೆ ಹೋಗಿ ಬರುವಷ್ಟರಲ್ಲಿ ಬೌಲಿನ ತಳದಲ್ಲಿ ಬಿಳೀ ಬೂಷ್ಟು ಬಂದಿತ್ತು. ಬಚ್ಚಲ ಒಲೆಯ ಕಟ್ಟೆ ಮೇಲೆ ಇಟ್ಟು ಒಣಗಿಸಿದೆ. ಒಣಗಿತು ನಿಜ, ಆದರೆ ಆಮೇಲೆ ಎಷ್ಟೋ ದಿನ ಯಾವ ತಂಬಾಕು ಹಾಕಿದರೂ ಸೌದೆ ಹೊಗೆಯ ವಾಸನೆ.

ಮೀರ್‌ಶಾಮಿಗೆ ಈ ಗೋಳು ಇಲ್ಲ. ಪಳಗಿಸುವ ಮಾತೇ ಇಲ್ಲ, ಮೊದಲ ರಾತ್ರಿಯೇ ಪೂರ್ತಿ ತುಂಬಿಸಿ ಸೇದಿದೆ. ಕಲ್ಲಿನ ತುಂಬ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರ. ಪಸೆಯನ್ನು ಅದೇ ಹೀರಿಕೊಳ್ಳುತ್ತದೆ, ಹೊಗೆ ತಣ್ಣಗೆ, ಒಣಗಿ ಬರುತ್ತದೆ. ಪೂರ್ತಿ ಆರಿದರೆ ಸಾಕು, ಮತ್ತೆ ಸೇದಬಹುದು.

ಬ್ರೈಯರಿನಲ್ಲಿ ಬೇಕೇ ಬೇಕಾದ ಕರಿಯ ಪದರ ಇಲ್ಲಿ ಬೇಡವೇ ಬೇಡ. ಪದರ ದಪ್ಪ ಆದರೆ ಬಿಸಿಗೆ ಹಿಗ್ಗಿ ಕಲ್ಲನ್ನೇ ಸೀಳಿಬಿಡಬಹುದು. ಪ್ರತಿ ಸಲ ಸೇದಿದ ಮೇಲೆ ಮೆತ್ತನೆ ಕಾಗದ ಸುರುಳಿ ಮಾಡಿ ಒಳಗೆ ಒರೆಸಬೇಕು. ಚಾಕು ಹಾಕಿ ಕೆರೆಯಬಾರದು.

ಇನ್ನು ತೊಂದರೆಯ ವಿಷಯ. ಮೀರ್‌ಶಾಮಿನಲ್ಲಿ ನನಗೆ ತಲೆಬಿಸಿ ಕೊಟ್ಟಿದ್ದು ಒಂದೇ: ಬಾಯಿಗೆ ಇಡುವ ಸ್ಟೆಮ್ ಹೋಗಿ ಬೌಲಿನ ಕುತ್ತಿಗೆಗೆ ಸೇರುವ ಜಾಗ. ನನ್ನ ಪೈಪಿನದು ತಿರುಪು. ಅಂದರೆ ಸ್ಟೆಮ್ಮಿನ ತುದಿಯಲ್ಲಿ ಮರೆ (ಸ್ಕ್ರೂವಿಗೆ ಇರುವಂಥ ಸುತ್ತು ಗೀರು), ಕುತ್ತಿಗೆಯ ಒಳಗೆ ಕಲ್ಲಿನಲ್ಲೇ ಕೊರೆದ ಮರೆ. ಜುಲೈನ ಒಂದು ರಾತ್ರಿ ಕರೆಂಟ್ ಹೋಗಿತ್ತು. ಸೇದಿ ಮುಗಿದಿತ್ತು, ಪೈಪ್ ಇನ್ನೂ ಬಿಸಿ. ಮಲಗುವ ಮೊದಲು ಕ್ಲೀನ್ ಮಾಡಿ ಇಟ್ಟುಬಿಡೋಣ ಅಂತ ಸ್ಟೆಮ್ ತಿರುಗಿಸಿ ತೆಗೆದೆ. ಟಾರ್ಚ್ ಬೆಳಕಿಗೆ ಹಿಡಿದರೆ ಮರೆಯ ಗೀರುಗಳಲ್ಲಿ ಬಿಳಿ ಹಿಟ್ಟು. ಅಕ್ಕಿಹಿಟ್ಟಿನ ಹಾಗೆ ಬೆರಳಿಗೆ ಹತ್ತಿತು. ಅದು ಕಲ್ಲಿನ ಹಿಟ್ಟು. ಹೀಗೇ ಏಳೆಂಟು ರಾತ್ರಿ ಮಾಡಿದ್ದೆ. ಆ ರಾತ್ರಿ ವಾಪಸ್ ತಿರುಗಿಸಿದರೆ ಸ್ಟೆಮ್ ನೇರ ನಿಲ್ಲಲಿಲ್ಲ. ನಿಲ್ಲಬೇಕಾದ ಜಾಗ ದಾಟಿ ಬಲಕ್ಕೆ ಓರೆಯಾಗಿ ನಿಂತಿತು. ಬಾಯಲ್ಲಿ ಕಚ್ಚಿದರೆ ಬೌಲ್ ಪಕ್ಕಕ್ಕೆ ವಾಲುತ್ತಿತ್ತು.

ಪೈಪನ್ನು ಇಸ್ತಾಂಬುಲ್‌ನಿಂದ ತಂದುಕೊಟ್ಟ ಭಾವನಿಗೆ ಫೋನ್ ಮಾಡಿದೆ. "ಬಿಸಿ ಇದ್ದಾಗ ಯಾಕೆ ಬಿಚ್ಚಿದೆ ಮಾರಾಯ? ಒದ್ದೆ ಕಲ್ಲು ಮೆತ್ತಗೆ ಇರ್ತದೆ ಅಲ್ವಾ, ಮರೆ ಸವೆಯದೆ ಇನ್ನೇನಾಗ್ತದೆ" ಅಂದ. ಸರಿಯಾದ ಮಾತು. ಕೆತ್ತುವವರು ಅದೇ ಗುಣ ನಂಬಿ ಕೆಲಸ ಮಾಡುತ್ತಾರೆ. ಸೇದಿದ ತಕ್ಷಣ ಕುತ್ತಿಗೆ ಬಿಸಿಯಾಗಿ, ಪಸೆ ಕುಡಿದು, ಸ್ವಲ್ಪ ಮೆತ್ತಗಾಗಿರುತ್ತದೆ. ಆಗ ತಿರುಪಿದರೆ ನಾವೇ ಕೈಯಾರೆ ಅರೆದ ಹಾಗೆ.

ಸರಿಮಾಡಿದ್ದು ಹೀಗೆ. ಮನೆಯಲ್ಲಿ ಒಂದು ಹಳೆ ಲಗ್ನಪತ್ರಿಕೆ ಇತ್ತು. ದಪ್ಪ ಕಾಗದ. ಅದರಿಂದ ಉಗುರಿನಷ್ಟು ಅಗಲದ ಒಂದು ಬಳೆ ಕತ್ತರಿಸಿ, ಮರೆ ದಾಟುವಷ್ಟು ನಡುವೆ ತೂತು ಮಾಡಿ, ಸ್ಟೆಮ್ಮಿಗೂ ಕುತ್ತಿಗೆಗೂ ನಡುವೆ ಕೂರಿಸಿದೆ. ಮೊದಲನೆಯದು ದಪ್ಪ ಆಯಿತು, ಸ್ಟೆಮ್ ನೇರಕ್ಕೆ ಬರುವ ಮೊದಲೇ ನಿಂತಿತು. ಅದೇ ಕಾಗದವನ್ನು ನೆನೆಸಿ ಎರಡು ಪದರ ಮಾಡಿ, ತೆಳುವಾದದ್ದನ್ನು ಒಣಗಿಸಿ ಕತ್ತರಿಸಿದೆ. ಈಗ ನೇರ ನಿಲ್ಲುತ್ತದೆ. ಆವತ್ತಿನಿಂದ ಬಿಸಿ ಇರುವಾಗ ಬಿಚ್ಚುವುದಿಲ್ಲ. ಕ್ಲೀನರಿನ ತುದಿ ಚೂರು ಬಗ್ಗಿಸಿದರೆ ಸ್ಟೆಮ್ ತೆಗೆಯದೆಯೇ ಬೌಲಿನ ತನಕ ಹೋಗುತ್ತದೆ. ಪೂರ್ತಿ ಬಿಚ್ಚಿ ತೊಳೆಯುವುದು ವಾರಕ್ಕೊಮ್ಮೆ, ಬೆಳಿಗ್ಗೆ ಹೊತ್ತು. ತೊಳೆಯುವುದು ಅಂದರೆ ಸ್ಟೆಮ್ ಮಾತ್ರ, ಕಲ್ಲಿಗೆ ನೀರು ಸೋಕಿಸಬಾರದು.

ನೀವು ಕೊಳ್ಳುವುದಾದರೆ ನೈಲಾನ್ ಗೂಟ ಇರುವ, ಒತ್ತಿ ಸೇರಿಸುವ ಬಗೆಯದನ್ನೇ ಕೇಳಿ. ಅದರಲ್ಲಿ ಕಲ್ಲಿನ ಮರೆಗೆ ಕೆಲಸವೇ ಕಡಿಮೆ. ಆದರೆ ಹಾಕುವಾಗಲೂ ತೆಗೆಯುವಾಗಲೂ ಸ್ಟೆಮ್ಮನ್ನು ಬಲಕ್ಕೇ ತಿರುಗಿಸಬೇಕು. ಎಡಕ್ಕೆ ತಿರುಗಿಸಿದರೆ ಕುತ್ತಿಗೆಯೊಳಗಿನ ಗೂಟವೇ ಬಿಚ್ಚಿಕೊಂಡು ಬರುತ್ತದೆ.

ಬಣ್ಣದ ಬಗ್ಗೆ ಹೇಳದೆ ಇರಲಾರೆ. ಬಿಳೀ ಪೈಪು ಸೇದುತ್ತಾ ಸೇದುತ್ತಾ ಬಣ್ಣ ತಿರುಗುತ್ತದೆ. ನನ್ನದು ಮೊದಲು ಕುತ್ತಿಗೆಯಲ್ಲಿ ತಿಳಿ ಹಳದಿ ಆಯಿತು, ಆಮೇಲೆ ಬೌಲಿನ ತಳ. ಈಗ ಕುತ್ತಿಗೆ ಜೇನಿನ ಬಣ್ಣ, ಮೇಲೆ ಹೋದ ಹಾಗೆ ಕೆನೆ. ಬೇಯಿಸಿದ ಅಡಿಕೆ ಚೊಗರು ಕುಡಿದು ಕೆಂಪಾಗುವುದನ್ನು ವರ್ಷವರ್ಷ ನೋಡುವವನಿಗೆ ಇದು ಎಷ್ಟು ಖುಷಿ ಕೊಡುತ್ತದೆ ಅಂತ ಹೇಳಿ ತೀರದು. ಬಿಸಿ ಇದ್ದಾಗ ಬೌಲನ್ನು ಬರಿಗೈಯಲ್ಲಿ ಮುಟ್ಟಬಾರದು, ಮೇಣ ಮೆತ್ತಗಾಗಿ ಕೈಗುರುತು ಉಳಿಯುತ್ತದೆ. ಸುಗ್ಗಿಯಲ್ಲಂತೂ ಹಸಿ ಅಡಿಕೆ ಸುಲಿದ ಕೈ ಎಷ್ಟು ತೊಳೆದರೂ ಕಪ್ಪು. ಆ ಮೂರು ತಿಂಗಳು ಹಳೆ ಪಂಚೆಯ ತುಂಡು ಸುತ್ತಿಯೇ ಹಿಡಿದೆ.

ಸುಗ್ಗಿ ಮುಗಿದ ಮೇಲೆ ಮೇಣವನ್ನೂ ಹಚ್ಚಿದೆ. ತುಡುವೆ ಗೂಡಿನ ಮೇಣವನ್ನು ನೀರಿನಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಕಸ ತೆಗೆದು ಇಟ್ಟುಕೊಂಡಿದ್ದೆ. ಬೌಲಿನ ಬಾಯಿಗೂ ಕುತ್ತಿಗೆಗೂ ಬೆಣೆ ಕೊಟ್ಟು, ಕೂದಲು ಒಣಗಿಸುವ ಡ್ರೈಯರಿನಲ್ಲಿ ಹೊರಮೈ ಬೆಚ್ಚಗೆ ಮಾಡಿ, ಕರಗಿದ ಮೇಣವನ್ನು ಬ್ರಷ್ಷಿನಲ್ಲಿ ಹಚ್ಚಿದೆ. ಕಲ್ಲು ನೋಡನೋಡುತ್ತಲೇ ಕುಡಿಯಿತು.

ಬಿದ್ದರೆ ಮೀರ್‌ಶಾಮ್ ಉಳಿಯುವುದಿಲ್ಲ. ತೋಟಕ್ಕೆ ಒಯ್ಯುವವರು ಬ್ರೈಯರನ್ನೇ ತಗೊಳ್ಳಿ.

ಕೊಳ್ಳುವಾಗ "ಬ್ಲಾಕ್" ಅಂತ ಇದೆಯಾ ನೋಡಿ, ಅಂದರೆ ಒಂದೇ ಗಟ್ಟಿಯಿಂದ ಕೆತ್ತಿದ್ದು. ಕಲ್ಲಿನ ಚೂರು, ಪುಡಿ ಸೇರಿಸಿ ಒತ್ತಿ ಮಾಡಿದ್ದೂ ಮಾರಾಟಕ್ಕೆ ಬರುತ್ತದೆ, ಅದು ಅಷ್ಟು ಚೆನ್ನಾಗಿ ಹೀರುವುದಿಲ್ಲ, ಬಣ್ಣವೂ ತಿರುಗುವುದಿಲ್ಲ. ಸಾಗರದ ಗೆಳೆಯನೊಬ್ಬ ಅಗ್ಗ ಅಂತ ಆನ್‌ಲೈನ್‌ನಲ್ಲಿ ತರಿಸಿ ಮೋಸ ಹೋದ.

ದುಡ್ಡಿನ ಲೆಕ್ಕ: ನನ್ನ ಮೀರ್‌ಶಾಮಿಗೆ 9,500 ಆಯಿತು, ಎರಡು ಬ್ರೈಯರಿನ ಬೆಲೆಗಿಂತಲೂ ಸ್ವಲ್ಪ ಜಾಸ್ತಿ. ಆದರೆ ಮಳೆಗಾಲದಲ್ಲಿ ದಿನಾ ಸೇದಲು ಬ್ರೈಯರ್ ನಾಲ್ಕಾದರೂ ಬೇಕು, ಒಂದು ಒಣಗುವಾಗ ಇನ್ನೊಂದು. ಹಾಗೆ ನೋಡಿದರೆ ನನಗೆ ಇದೇ ಕಡಿಮೆ. ಬ್ರೈಯರನ್ನು ಮಾರಿಲ್ಲ, ಡಿಸೆಂಬರಿನಿಂದ ಮೇ ತನಕ ತೋಟಕ್ಕೆ ಅದೇ.

ಲಗ್ನಪತ್ರಿಕೆಯ ಉಳಿದ ತುಂಡನ್ನು ಪೈಪಿನ ಡಬ್ಬಿಯಲ್ಲೇ ಇಟ್ಟಿದ್ದೇನೆ. ಬರುವ ಮಳೆಗಾಲಕ್ಕೆ ಇನ್ನೊಂದು ಬಳೆ ಕತ್ತರಿಸಬೇಕಾಗಬಹುದು.