ಆರು ಕೆಂಪು ಚುಕ್ಕಿಯ ಕ್ಯೂ ಬಾಲ್: ಮುಂಬೈ ಟೇಬಲ್ಲಿಗೆ ಕೊಳ್ಳಬೇಕೇ?

ಮಾಟುಂಗದಿಂದ ಡೊಂಬಿವ್ಲಿವರೆಗೆ ನಮ್ಮ ಹುಡುಗರು ಪೂಲ್ ಆಡುವ ಯಾವ ಪಾರ್ಲರಿಗೆ ಹೋದರೂ ಒಂದೇ ಕಥೆ. ಐದು ಚೆಂಡು ಸಲೀಸಾಗಿ ಒಳಗೆ ಹೋಗುತ್ತವೆ, ಆರನೆಯದೂ ಬೀಳುತ್ತದೆ, ಆದರೆ ಕೋಲಿನಿಂದ ಹೊಡೆಯುವ ಬಿಳಿ ಚೆಂಡು, ಅಂದರೆ ಕ್ಯೂ ಬಾಲ್, ಮಾತ್ರ ಎದುರಾಳಿಯ ಚೆಂಡಿನ ಹಿಂದೆ ಹೋಗಿ ಅವಿತು ಕೂರುತ್ತದೆ. ಕ್ಯೂ ಬಾಲ್ ಹೋಗಿ ತಾಗುವ ಹೊತ್ತಿಗೆ ಜಾರುತ್ತಿತ್ತೋ ಉರುಳುತ್ತಿತ್ತೋ ಹೊಡೆದವರಿಗೇ ಗೊತ್ತಿರುವುದಿಲ್ಲ, ಅಚ್ಚ ಬಿಳಿ ಚೆಂಡಿನಲ್ಲಿ ಅದು ಕಾಣುವುದೂ ಇಲ್ಲ. ಬೆಲ್ಜಿಯಂನ ಸಾಲುಕ್ ಕಂಪನಿಯ ಅರಾಮಿತ್ ಪ್ರೊ ಕಪ್ ಕ್ಯೂ ಬಾಲ್ ಕೊಳ್ಳಲು ಇದೊಂದೇ ಕಾರಣ ಸಾಕು. ಅದರ ಮೈಮೇಲಿನ ಆರು ಕೆಂಪು ಚುಕ್ಕಿಗಳು ಚೆಂಡು ಹೇಗೆ ಸುತ್ತುತ್ತಿದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತವೆ.

ಚುಕ್ಕಿಗಳು ದಾಳದ ಆರು ಮುಖಗಳ ಹಾಗೆ ಸಮದೂರದಲ್ಲಿವೆ. ಚೆಂಡು ಜಾರುವಾಗ ಎದುರಿಗಿರುವ ಚುಕ್ಕಿ ಇದ್ದಲ್ಲೇ ಇರುತ್ತದೆ. ಉರುಳತೊಡಗಿದರೆ ಚುಕ್ಕಿಗಳು ಮುಂದಕ್ಕೆ ಮಗುಚುತ್ತ ಹೋಗಿ ಕೆಂಪು ಗೆರೆಯಂತೆ ಕಾಣುತ್ತವೆ. ಚೆಂಡಿನ ಕೆಳಭಾಗಕ್ಕೆ ಹೊಡೆದು ಹಿಮ್ಮುಖ ಸುತ್ತು, ಅಂದರೆ ಸ್ಕ್ರೂ, ಕೊಟ್ಟಿದ್ದರೆ ಅದೇ ಗೆರೆ ಹೊಡೆದವರ ಕಡೆಗೆ ತಿರುಗುತ್ತದೆ. ಪಕ್ಕಕ್ಕೆ ಹೊಡೆದು ಸೈಡ್ ಕೊಟ್ಟಿದ್ದರೆ ಬುಗುರಿಯಂತೆ ಸೊಂಟದ ಸುತ್ತ ಕೆಂಪು ಪಟ್ಟಿ. ನೇರವಾಗಿ ಹೊಡೆದೆನೆಂದು ನಂಬಿದವರಿಗೆ ಈ ಪಟ್ಟಿ ಸುಳ್ಳು ಹೇಳುವುದಿಲ್ಲ. ಕೋಲಿನ ತುದಿ, ಅಂದರೆ ಟಿಪ್, ತನ್ನ ಅರ್ಧ ಅಗಲದಷ್ಟು ಪಕ್ಕಕ್ಕೆ ತಾಗಿದ್ದರೂ ತೋರಿಸಿಬಿಡುತ್ತದೆ.

ಇದರಿಂದ ರ್ಯಾಕ್, ಅಂದರೆ ಒಂದು ಆಟದ ಚೆಂಡುಗಳನ್ನೆಲ್ಲ, ಮುಗಿಸುವುದಕ್ಕೆ ಏನು ಸಹಾಯ? ಲೆಕ್ಕ ಹೀಗಿದೆ. ಅರ್ಧ ಚೆಂಡಿನ ಹೊಡೆತದಲ್ಲಿ, ಅಂದರೆ ಬಣ್ಣದ ಚೆಂಡನ್ನು ಓರೆಗೆ ಕಳಿಸುವ 30 ಡಿಗ್ರಿ ಕಟ್‌ನಲ್ಲಿ, ಕ್ಯೂ ಬಾಲ್ ಜಾರುತ್ತ ಬಂದು ತಾಗಿದರೆ ತನ್ನ ದಾರಿಯಿಂದ 60 ಡಿಗ್ರಿ ತಿರುಗುತ್ತದೆ. ಉರುಳುತ್ತ ಬಂದರೆ ಸುಮಾರು 34 ಡಿಗ್ರಿ ಅಷ್ಟೆ. ಎರಡೂ ಸಲ ಪಾಟ್ ಒಂದೇ, ಚೆಂಡು ಬೀಳುವ ಪಾಕೆಟ್ ಒಂದೇ. ಎದುರಿನ ಕುಶನ್ (ಟೇಬಲ್ಲಿನ ರಬ್ಬರ್ ಅಂಚು) ಎರಡಡಿ ದೂರದಲ್ಲಿದ್ದರೆ ಕ್ಯೂ ಬಾಲ್ ಹೋಗಿ ಬಡಿಯುವ ಜಾಗದಲ್ಲಿ ಸುಮಾರು ಎರಡು ಡೈಮಂಡ್ ವ್ಯತ್ಯಾಸ; ಡೈಮಂಡ್ ಅಂದರೆ ಟೇಬಲ್ಲಿನ ಅಂಚಿನ ಮೇಲಿನ ಗುರುತುಗಳ ನಡುವಿನ ಅಂತರ. ಒಂಬತ್ತು ಅಡಿ ಟೇಬಲ್ಲಿನಲ್ಲಿ ಎರಡು ಡೈಮಂಡ್ ಅಂದರೆ 25 ಇಂಚು. ಮುಂದಿನ ಚೆಂಡು ಸಿಗುವುದೂ ಸಿಗದಿರುವುದೂ ಅಲ್ಲೇ ತೀರ್ಮಾನವಾಗುತ್ತದೆ.

ಮುಂಬೈಯಲ್ಲಿ ಈ ಚುಕ್ಕಿಗಳ ಬೆಲೆ ಇನ್ನೂ ಹೆಚ್ಚು. ಜುಲೈ ಮಳೆಯಲ್ಲಿ ಬಟ್ಟೆ ತೇವ ಹಿಡಿದು ಭಾರವಾಗುತ್ತದೆ, ಘರ್ಷಣೆ ಹೆಚ್ಚುತ್ತದೆ. ಚೆಂಡಿಗೆ ಕೊಟ್ಟ ಸ್ಕ್ರೂ ದಾರಿಯಲ್ಲೇ ಬೇಗ ಸತ್ತುಹೋಗುತ್ತದೆ. ಮೇ ತಿಂಗಳಲ್ಲಿ ಎಸಿ ಹಾಕಿದ ಕೋಣೆಯಲ್ಲಿ ಮೂರಡಿ ದೂರಕ್ಕೆ ಸ್ಟನ್ ಆಗುತ್ತಿದ್ದ, ಅಂದರೆ ಸುತ್ತದೆ ಜಾರುತ್ತ ತಾಗುತ್ತಿದ್ದ, ಹೊಡೆತ, ಅದೇ ಬಲ, ಅದೇ ಎತ್ತರದಲ್ಲಿ ಹೊಡೆದರೂ, ಮಳೆಗಾಲದಲ್ಲಿ ಉರುಳುತ್ತ ತಲುಪುತ್ತದೆ. ಕೆಲವು ಕಡೆ ಪೂಲ್ ಟೇಬಲ್ಲಿಗೂ ಸ್ನೂಕರ್‌ನ ಒಂದೇ ದಿಕ್ಕಿಗೆ ಮಲಗಿದ ಎಳೆಗಳ ಜೂಲು ಬಟ್ಟೆ ಹಾಕಿರುತ್ತಾರೆ, ಅಲ್ಲಂತೂ ನಿಧಾನದ ಹೊಡೆತ ಜೂಲಿನ ದಿಕ್ಕಿಗೆ ವಾಲುತ್ತದೆ. ಆದ್ದರಿಂದ ಆಟ ಶುರುಮಾಡುವ ಮೊದಲು ಹತ್ತು ನಿಮಿಷ ಹೀಗೆ ಮಾಡಿ. ಕ್ಯೂ ಬಾಲ್ ಮತ್ತು ಇನ್ನೊಂದು ಚೆಂಡನ್ನು ನೇರ ಪಾಟ್‌ಗೆ ಒಂದು ಡೈಮಂಡ್ ಅಂತರದಲ್ಲಿಡಿ, ಆಮೇಲೆ ಎರಡು, ಆಮೇಲೆ ಮೂರು. ಮಧ್ಯಮ ಬಲದಲ್ಲಿ ಹೊಡೆಯಿರಿ. ಕಣ್ಣು ಪಾಕೆಟ್ ಕಡೆ ಬೇಡ, ಚುಕ್ಕಿಯ ಮೇಲಿರಲಿ. ತಾಗುವ ಕ್ಷಣಕ್ಕೆ ಚುಕ್ಕಿ ಅಲುಗದೆ ನಿಂತಿರಬೇಕು. ಮೂರು ಡೈಮಂಡಿಗೆ ಟಿಪ್ ಎಷ್ಟು ಕೆಳಗಿಳಿಸಬೇಕಾಯಿತು ಎಂಬುದೇ ಆ ದಿನದ ಟೇಬಲ್ಲಿನ ಗುಟ್ಟು. ಒಮ್ಮೆ ಕಂಡುಕೊಂಡರೆ ಇಡೀ ಸಂಜೆಗೆ ಅದೇ ಅಳತೆ.

ಇನ್ನು ಕೊನೆಯ ಚೆಂಡುಗಳ ಯೋಜನೆ. ಕೊನೆಗೆ ಹಾಕಬೇಕಾದ ಎಂಟನೇ ನಂಬರಿನ ಚೆಂಡಿನಿಂದ ಹಿಂದಕ್ಕೆ ಎಣಿಸಬೇಕು ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ಟೇಬಲ್ಲಿನ ಮೇಲೆ ಇಟ್ಟು ನೋಡೋಣ. ಎಂಟು ಬಲಗಡೆಯ ಉದ್ದ ಕುಶನ್ ಹತ್ತಿರ, ಮೇಲಿನ ಮೂಲೆ ಪಾಕೆಟ್‌ನಿಂದ ಒಂದು ಡೈಮಂಡ್ ಈಚೆ, ಕುಶನ್‌ಗೂ ಅದಕ್ಕೂ ನಡುವೆ ಒಂದು ಚೆಂಡು ಹಿಡಿಸುವಷ್ಟು ಜಾಗ. ಉಳಿದಿರುವ ನಿಮ್ಮ ಒಂದೇ ಚೆಂಡು, ಮೂರನೇ ನಂಬರಿನದು, ಎಡಗಡೆ ಮಧ್ಯದ ಪಾಕೆಟ್ ಎದುರು ಒಂದು ಗೇಣಿಗಿಂತ ಹತ್ತಿರ. ಕ್ಯೂ ಬಾಲ್ ಅದಕ್ಕೆ ನೇರವಾಗಿ, ಎರಡಡಿ ದೂರದಲ್ಲಿದೆ. ಮೂರನ್ನು ಸ್ಟನ್ ಮಾಡಿ ಹಾಕಿದರೆ ಕ್ಯೂ ಬಾಲ್ ಅಲ್ಲೇ ನಿಂತು ಎಂಟಕ್ಕೆ ಸುಮಾರು 30 ಡಿಗ್ರಿ ಕಟ್ ಉಳಿಯುತ್ತದೆ. ಬೀಳಬಹುದು, ಆದರೆ ಪಂದ್ಯದ ಕೊನೆಯ ಚೆಂಡಿಗೆ ಅದು ಹಿತವಾದ ಕೋನವಲ್ಲ. ಒಂದೂವರೆ ಅಡಿ ಸ್ಕ್ರೂ ಎಳೆದರೆ ಟೇಬಲ್ಲಿನ ನಟ್ಟನಡುವೆ ಬಂದು ನಿಲ್ಲುತ್ತದೆ, ಕಟ್ ಸುಮಾರು 15 ಡಿಗ್ರಿಗೆ ಇಳಿಯುತ್ತದೆ. ಈ ಯೋಜನೆಯ ಚೆಲುವು ಇನ್ನೊಂದಿದೆ: ಒಂಬತ್ತು ಇಂಚು ಮಾತ್ರ ಹಿಂದೆ ಬಂದರೂ ಕಟ್ 25 ಡಿಗ್ರಿಯೊಳಗೆ, ಎರಡಡಿ ಬಂದರೂ ಎಂಟು ಸಿಗುತ್ತದೆ. ಕ್ಯೂ ಬಾಲ್ ಒಳ್ಳೆಯ ಜಾಗವನ್ನು ಅಡ್ಡ ಹಾಯದೆ ಅದರ ಉದ್ದಕ್ಕೂ ಸಾಗುವುದರಿಂದ ಬಲ ಸ್ವಲ್ಪ ಹೆಚ್ಚುಕಡಿಮೆಯಾದರೂ ಕೆಡುವುದಿಲ್ಲ. ಹಾಗಾಗಿ ಮೂರಕ್ಕಿಂತ ಮೊದಲಿನ ಚೆಂಡನ್ನು ಆಡುವಾಗಲೇ ಕ್ಯೂ ಬಾಲ್ ಮಧ್ಯದ ಪಾಕೆಟ್‌ಗೆ ನೇರ ಬರುವಂತೆ ನೋಡಿಕೊಳ್ಳಬೇಕು. ಎಳೆದರೂ ಬರಲಿಲ್ಲವೆಂದರೆ ಚುಕ್ಕಿ ನೋಡಿ: ತಾಗುವಾಗ ಹಿಂದಕ್ಕೆ ಸುತ್ತುತ್ತಿತ್ತೇ, ಅಥವಾ ದಾರಿಯಲ್ಲೇ ನಿಂತುಹೋಗಿತ್ತೇ? ನಿಂತಿದ್ದರೆ ಟಿಪ್ ಇನ್ನೂ ಕೆಳಗೆ ತಾಗಬೇಕಿತ್ತು ಎಂದರ್ಥ.

ಕೊಳ್ಳುವಾಗ ಎಚ್ಚರ. ಧೋಬಿ ತಲಾವ್‌ನ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬರೀ ಚುಕ್ಕಿ ನೋಡಿ ಮರುಳಾಗಬೇಡಿ. ವ್ಯಾಸ 57.2 ಮಿಲಿಮೀಟರ್ ಇರಬೇಕು, ತೂಕ 156ರಿಂದ 170 ಗ್ರಾಂ ಒಳಗೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪಾರ್ಲರಿನ ಬಣ್ಣದ ಚೆಂಡುಗಳನ್ನೂ ಒಮ್ಮೆ ತೂಗಲು ಕೇಳಿ, ನಾಚಿಕೆ ಬೇಡ. ಹತ್ತಾರು ವರ್ಷ ಸವೆದ ಸೆಟ್ ಜೊತೆ ಹೊಸ ಕ್ಯೂ ಬಾಲ್ ಆಡಿಸಿದರೆ ಕ್ಯೂ ಬಾಲೇ ಭಾರ. ಆಗ ಚುಕ್ಕಿ ಅಲುಗದೆ ತಾಗಿದರೂ ಕ್ಯೂ ಬಾಲ್ ನಿಲ್ಲದೆ ಮುಂದಕ್ಕೆ ತೆವಳುತ್ತದೆ, ಸ್ಕ್ರೂ ಸೊರಗುತ್ತದೆ. ಕ್ಯೂ ಬಾಲ್ ಹಗುರವಾಗಿದ್ದರೆ ಇದಕ್ಕೆ ತದ್ವಿರುದ್ಧ.

ಟಿಪ್‌ಗೆ ಹಚ್ಚುವ ಸೀಮೆಸುಣ್ಣದ ಪುಡಿ ಇದರ ಶತ್ರು. ಚೆಂಡುಗಳು ತಾಗುವ ಜಾಗದಲ್ಲಿ ನೀಲಿ ಕಲೆ ಇದ್ದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಪಾಟೂ ತಪ್ಪುತ್ತದೆ, ಕೋನವೂ ಕೆಡುತ್ತದೆ. ಆಟ ಮುಗಿದ ಮೇಲೆ ಸೌಮ್ಯ ಸೋಪಿನ ನೀರಲ್ಲಿ ಒರೆಸಿ, ಮೆತ್ತನೆ ಬಟ್ಟೆಯಲ್ಲಿ ಒಣಗಿಸಿ, ಕಾಲ್ಚೀಲದೊಳಗೆ ಹಾಕಿ ಚೀಲಕ್ಕೆ ಸೇರಿಸಿದರೆ ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲೂ ಗೀರು ಬೀಳದು.

ಒಂದು ಕಡೆ ಮಾತ್ರ ಇದು ಉಪಯೋಗಕ್ಕಿಲ್ಲ: ಕಾಸು ಹಾಕಿ ಆಡುವ ಟೇಬಲ್. ಅಲ್ಲಿ ಕ್ಯೂ ಬಾಲನ್ನು ಅದರ ದೊಡ್ಡ ಗಾತ್ರದಿಂದಲೋ ಒಳಗಿನ ಲೋಹವನ್ನು ಸೆಳೆಯುವ ಅಯಸ್ಕಾಂತದಿಂದಲೋ ಬೇರ್ಪಡಿಸಿ ಹೊರಗೆ ಕಳಿಸುತ್ತಾರೆ. ನಿಮ್ಮ ಚುಕ್ಕಿ ಚೆಂಡು ಪಾಕೆಟ್ಟಿಗೆ ಬಿದ್ದರೆ ಬಣ್ಣದ ಚೆಂಡುಗಳ ಜೊತೆ ಒಳಗೇ ಕೂರುತ್ತದೆ, ಮುಂದಿನ ಕಾಸು ಹಾಕುವವರೆಗೆ ಈಚೆ ಬರುವುದಿಲ್ಲ.