454 ಅಂತ ಕೊಂಡೆ, 402 ಬಂತು: ಹಳೇ ಬೋಟ್ ಎಂಜಿನ್ ಹುಡುಕ್ತಿರೋರು ಓದಿ

ನಾನಿರೋದು ಮಿಷಿಗನ್‌ನಲ್ಲಿ, ಲೇಕ್ ಸೇಂಟ್ ಕ್ಲೇರ್ ಹತ್ತಿರ. ಕಳೆದ ವರ್ಷ ನಮ್ಮ ಹಳೇ ಬೋಟಿನ ಷೆವರ್ಲೆ 454 ಬಿಗ್ ಬ್ಲಾಕ್ (454 ಘನ ಇಂಚಿನ ದೊಡ್ಡ ಎಂಜಿನ್) ಕೈ ಕೊಟ್ಟಿತು. ಜಾಹೀರಾತು ನೋಡಿ ಒಬ್ಬರಿಗೆ 2,800 ಡಾಲರ್ ಕೊಟ್ಟು ಇನ್ನೊಂದು ತಂದೆ. "ಒರಿಜಿನಲ್ ಮರೀನ್ 454, ಯಾರೂ ಕೈ ಹಾಕಿಲ್ಲ" ಅಂದರು. ಮರೀನ್ ಅಂದರೆ ಬೋಟಿಗೆ ಅಂತಲೇ ಮಾಡಿದ್ದು. ಹೊಸ ಕಪ್ಪು ಪೇಂಟು, ವಾಲ್ವ್ ಕವರ್ ಮೇಲೆ 454 ಸ್ಟಿಕರ್. ನನ್ನ ಬುದ್ಧಿಗೆ ಅಷ್ಟೇ ಸಾಕಾಯಿತು.

ಫ್ಲೈವೀಲ್ (ಎಂಜಿನ್ ಹಿಂದೆ ಕೂರೋ ಭಾರದ ಚಕ್ರ) ಕೊಟ್ಟಿರಲಿಲ್ಲ. ನನ್ನ ಹಳೇದು ಚೆನ್ನಾಗಿತ್ತಲ್ಲ, ಅದನ್ನೇ ಹಾಕಿದೆ, ಬೋಲ್ಟುಗಳೂ ಸರಿಯಾಗಿ ಕೂತವು. ಸ್ಟಾರ್ಟ್ ಮಾಡಿದರೆ ಇಡೀ ಬೋಟ್ ಗಡಗಡ ನಡುಗಿ, ಲೋಟದಲ್ಲಿದ್ದ ಕಾಫಿ ಡ್ಯಾಶ್ ಮೇಲೆಲ್ಲ ಚೆಲ್ಲಿತು. ಕಾರ್ಬುರೇಟರ್, ಟೈಮಿಂಗ್, ಮೌಂಟ್ ಅಂತ ಮೂರು ವೀಕೆಂಡ್ ಸುಮ್ನೆ ಹಾಳು.

ಕೊನೆಗೆ ಮರೀನಾದ ಮೆಕ್ಯಾನಿಕ್ ಒಬ್ಬರು ಎಂಜಿನ್ ಮುಂದಿನ ಡ್ಯಾಂಪರ್ (ನಡುಕ ತಡೆಯೋ ಚಕ್ರ) ಮೇಲೆ ಟಾರ್ಚ್ ಬಿಟ್ಟು ನಕ್ಕರು. 454ರ ಕ್ರ್ಯಾಂಕಿಗೆ (ಪಿಸ್ಟನ್ನುಗಳು ತಿರುಗಿಸೋ ದಂಡಕ್ಕೆ) ಬೇಕಾದ ಬ್ಯಾಲೆನ್ಸ್ ತೂಕ ಪೂರ್ತಿ ಒಳಗಿರಲ್ಲ, ಸ್ವಲ್ಪ ಡ್ಯಾಂಪರ್‌ನಲ್ಲಿ, ಸ್ವಲ್ಪ ಫ್ಲೈವೀಲ್‌ನಲ್ಲಿ ಇರುತ್ತದೆ. ಅದಕ್ಕೇ ಅದರ ಡ್ಯಾಂಪರ್ ಒಂದು ಕಡೆ ಕೊರೆದು ತೆಗೆದ ಹಾಗೆ ಕಾಣುತ್ತದೆ. ಈ ಎಂಜಿನ್‌ದು ರೊಟ್ಟಿ ಹಂಚಿನ ಹಾಗೆ ಒಂದೇ ಸಮ ದುಂಡಗಿತ್ತು. ಅದೇ ಬಿಗ್ ಬ್ಲಾಕ್ ಜಾತಿಯ 396, 402, 427ಗಳ ಬ್ಯಾಲೆನ್ಸ್ ಒಳಗೇ ಮುಗಿದಿರುತ್ತದೆ. ಅಂಥದಕ್ಕೆ ನಾನು ಒಂದು ಕಡೆ ಭಾರ ಇರೋ ಫ್ಲೈವೀಲ್ ಕಟ್ಟಿದ್ದೆ!

ಆಮೇಲೆ ಕ್ಯಾಸ್ಟಿಂಗ್ ನಂಬರ್ (ಎರಕದಲ್ಲೇ ಮೂಡಿಸಿದ ನಂಬರ್) ಹುಡುಕಿದೆವು. ಬ್ಲಾಕಿನ (ಎಂಜಿನ್ನಿನ ಕಬ್ಬಿಣದ ಮೈ) ಹಿಂದೆ, ಬೆಲ್‌ಹೌಸಿಂಗ್ (ಫ್ಲೈವೀಲ್ ಮುಚ್ಚೋ ಕವಚ) ಕೂರೋ ಅಂಚಿನ ಮೇಲೆ, "ಡ್ರೈವರ್ ಕಡೆ" ಅಂದರು. ನಾನು ಶಿವಮೊಗ್ಗದ ಅಭ್ಯಾಸದಲ್ಲಿ ಬಲಗಡೆ ತಡಕಾಡಿದೆ, ಇಲ್ಲಿ ಡ್ರೈವರ್ ಎಡಗಡೆ ಅಲ್ವಾ. ವೈರ್ ಬ್ರಷ್‌ನಲ್ಲಿ ಪೇಂಟ್ ಕೆರೆದು, ಮೊಬೈಲ್ ತೂರಿಸಿ ಫೋಟೊ ತೆಗೆದರೆ 3969854. ಅದು 402ರ ಬ್ಲಾಕ್. ಬೋರ್ (ಸಿಲಿಂಡರಿನ ಅಗಲ) 4.126 ಇಂಚು, 454ಕ್ಕೆ 4.25 ಬೇಕು. ಮುಂದೆ ಬಲಗಡೆ ಹೆಡ್ ಹತ್ತಿರದ ಪ್ಯಾಡ್ (ಚಪ್ಪಟೆ ಜಾಗ) ಮೇಲೆ, ಷೆವರ್ಲೆಯ ಟೋನವಾಂಡಾ ಕಾರ್ಖಾನೆಯ 'ಟಿ' ಅಕ್ಷರದಿಂದ ಶುರುವಾಗೋ ಕೋಡ್ ಇರಬೇಕಿತ್ತು, ಅದನ್ನು ನುಣ್ಣಗೆ ಉಜ್ಜಿ ಹಾಕಿದ್ದರು. ದುಡ್ಡು ಕೊಡೋಕೆ ಮುಂಚೆ ಈ ಎರಡು ಜಾಗದ ಫೋಟೊ ಕೇಳಿ. ಕಳಿಸದಿದ್ದರೆ ಹೋಗಲೇಬೇಡಿ.

ಜೇಬಲ್ಲಿ ಒಂದು ಫ್ರಿಜ್ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಕೆರೆ ನೀರನ್ನೇ ಒಳಗೆ ಹರಿಸೋ ಮರೀನ್ ಎಂಜಿನ್‌ಗೆ ಫ್ರೀಜ್ ಪ್ಲಗ್ (ಬ್ಲಾಕಿನ ತೂತು ಮುಚ್ಚೋ ಬಿಲ್ಲೆ) ಹಿತ್ತಾಳೆಯದು ಹಾಕಿರುತ್ತಾರೆ. ಇದರಲ್ಲಿ ಮ್ಯಾಗ್ನೆಟ್ ಟಪ್ ಅಂತ ಅಂಟಿತು, ಅಂದರೆ ಉಕ್ಕು. ಅದೇ ಮ್ಯಾಗ್ನೆಟ್ ಬ್ಲಾಕಿನ ಪಕ್ಕದಲ್ಲಿ ಒಂದು ಕಡೆ ಜಾರಿ ಬಿತ್ತು. ಕೆರೆದರೆ ಎಪಾಕ್ಸಿ ಅಂಟು, ಅದರಡಿ ಗೇಣುದ್ದದ ಬಿರುಕು. ನೀರು ಬಸಿಯದೆ ಇಲ್ಲಿನ ಚಳಿಗಾಲಕ್ಕೆ ಬಿಟ್ಟರೆ ಹೆಪ್ಪುಗಟ್ಟಿ ಹೀಗೇ ಸೀಳುತ್ತದೆ.

ಇದೆಲ್ಲ ದುಡ್ಡಿನ ಮಾತು, ಹೋಗಲಿ. ಸ್ಟಾರ್ಟರ್, ಆಲ್ಟರ್ನೇಟರ್ ಎರಡೂ ಕಾರಿನವು. ಮರೀನ್ ಆದರೆ ಒಳಗಿನ ಕಿಡಿ ಹೊರಗಿನ ಆವಿಗೆ ಬೆಂಕಿ ಹತ್ತಿಸದ ಹಾಗೆ ಮಾಡಿರುತ್ತಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಕೂತಿರುತ್ತದೆ. ಮೂರು ವೀಕೆಂಡೂ ನಾನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೀ ತಿರುಗಿಸಿದ್ದೆ.

ಮಾರಿದವರಿಗೆ ಫೋನ್ ಮಾಡಿದೆ. "ನನಗೂ ಹಾಗೇ ಹೇಳಿ ಮಾರಿದ್ದರು" ಅಂದರು.